ಅಂಬೆಗಾಲಿನ ಪಂಚನಾಮೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರುದಾರಳು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಅದನ್ನು ತೆಗೆದಿಡುವುದೂ ನೆನಪಾಗದೆ ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ದು, ಗಂಡನನ್ನು ಅಲ್ಲಿ ಕಾವಲು ಕೂರಿಸಿ ನೇರ ಇಲ್ಲಿಗೆ ಬಂದಿದ್ದಳು.

"ನನ್ ಮಗೂಗೆ ಯಾರೋ ವಿಷ ಹಾಕ್ತಿದಾರೆ, ಮೇಡಂ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆ ಕಲಿತದ್ದೆಂದರೆ, ಬರೆಯುವ ಮೊದಲು ಕೇಳಿಸಿಕೊಳ್ಳಬೇಕು ಎನ್ನುವುದು.

"ಮಗೂಗೆ ವಯಸ್ಸೆಷ್ಟು?"

"ಹತ್ತು ತಿಂಗಳು."

"ವಿಷ ಅಂತ ಯಾರು ಹೇಳಿದ್ದು?"

"ಡಾಕ್ಟ್ರು. ಹೋದ ತಿಂಗಳೂ ಹೀಗೇ ಆಗಿತ್ತು. ವಾಂತಿ, ಭೇದಿ, ಬಾಯಲ್ಲಿ ಜೊಲ್ಲು. ಆಗ ಏನೋ ಸೋಂಕು ಅಂದ್ರು. ಈ ಸಲ ಕೈಕಾಲೆಲ್ಲ ಅದುರ್ತಿತ್ತು. ರಕ್ತ ಪರೀಕ್ಷೆ ಮಾಡಿ ಹೇಳಿದ್ರು."

"ಮನೇಲಿ ಇಲಿ ಪಾಷಾಣ, ಕೀಟನಾಶಕ ಏನಾದ್ರೂ?"

"ಇರುವೆ ಪುಡಿ ಕೂಡ ತರಲ್ಲ ಮೇಡಂ. ಮಕ್ಕಳಿರೋ ಮನೆ."

"ಯಾರ ಮೇಲಾದ್ರೂ ಅನುಮಾನ?"

ಇತ್ತು. ಕೆಳಗಿನ ಮನೆಯಲ್ಲಿರುವ ಮಾಲೀಕಳು ಹೊಲಿಗೆ ಮೆಷಿನ್ನಿನ ಸದ್ದು ತಡೆಯಲಾಗದೆ ಮನೆ ಖಾಲಿ ಮಾಡಿ ಎಂದಿದ್ದಳು. ಆಮೇಲೂ ಮಗುವನ್ನು ಕರೆದು ಬಿಸ್ಕತ್ತು ಕೊಡುತ್ತಿದ್ದಳು. ಬೈಯುವವಳು ಬಿಸ್ಕತ್ತು ಯಾಕೆ ಕೊಡುತ್ತಾಳೆ ಎನ್ನುವುದು ತಾಯಿಯ ವಾದ.

ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಫೋನ್ ಮಾಡಿದಾಗ ಡಾಕ್ಟರು ಚುಟುಕಾಗಿ ಹೇಳಿದರು: ಮಗುವಿನ ಕಣ್ಣಿನ ಪಾಪೆ ಎಳ್ಳಿನ ಕಾಳಿನಷ್ಟಾಗಿತ್ತು, ಅದು ಬೆಳೆಗೆ ಹೊಡೆಯುವ ಕೀಟನಾಶಕದ ಲಕ್ಷಣ. ಒಮ್ಮೆಲೇ ಕುಡಿದದ್ದಲ್ಲ, ಸ್ವಲ್ಪಸ್ವಲ್ಪವೇ ಮೈ ಸೇರಿದ್ದು. ಈಗ ಚೇತರಿಸಿಕೊಳ್ಳುತ್ತಿದೆ, ಶುಕ್ರವಾರ ಮನೆಗೆ ಕಳಿಸಬಹುದು.

"ಮನೆಗೆ ಅಂದ್ರೆ ಅದೇ ಮನೆಗೆ," ಎಂದಳು ಇನ್ಸ್‌ಪೆಕ್ಟರ್, ಫೋನಿಟ್ಟ ಮೇಲೆ. "ಶುಕ್ರವಾರದೊಳಗೆ ಗೊತ್ತಾಗ್ಬೇಕು ದಫೇದಾರ್ರೇ. ಇಲ್ಲದಿದ್ರೆ ಮಗೂನ ನಾವೇ ವಿಷದ ಬಾಯಿಗೆ ಕಳಿಸಿದ ಹಾಗೆ."

ಠಾಣೆಯಲ್ಲಿ ದಫೇದಾರನಿಗಿಂತ ಆತನ ಮೀಸೆ ಮೊದಲು ಒಳಗೆ ಬರುತ್ತದೆ ಎನ್ನುವ ಮಾತಿತ್ತು. ಆ ಮೀಸೆಯನ್ನೊಮ್ಮೆ ಸವರಿ ಆತ ಜೀಪು ತೆಗೆಸಿದ.

ಎರಡು ಕೋಣೆಯ ಮಾಳಿಗೆ ಮನೆ. ಕಿಟಕಿಯ ಪಕ್ಕ ಮೆಷಿನ್ನು, ಗೋಡೆಗೆ ಅರ್ಧ ಹೊಲಿದ ಬಟ್ಟೆಗಳು. ನೆಲವಂತೂ ಮುಖ ನೋಡಿಕೊಳ್ಳುವಷ್ಟು ಚೊಕ್ಕಟ. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದು ಹಾಲು, ಕುಡಿಯುವ ನೀರು, ಮಗುವಿನ ಔಷಧಿ, ಪೌಡರು, ಬಿಸ್ಕತ್ತು ಎಲ್ಲದರ ಮಾದರಿ ತೆಗೆದು, ಅರಗಿನ ಮುದ್ರೆ ಹಾಕಿ, ಪಂಚನಾಮೆ ಬರೆದು ಪ್ರಯೋಗಾಲಯಕ್ಕೆ ಕಳಿಸಿದರು. ಮಗುವಿನ ಅಕ್ಕನಿಗೆ ಆರು ವರ್ಷ. ಅದೇ ಹಾಲು, ಅದೇ ನೀರು, ಬಿಸ್ಕತ್ತಂತೂ ತಮ್ಮನಿಗಿಂತ ಹೆಚ್ಚೇ. ಅವಳು ಗುಂಡುಕಲ್ಲಿನ ಹಾಗಿದ್ದಳು. ಇದು ಇನ್ಸ್‌ಪೆಕ್ಟರಿಗೆ ಆಗಲೇ ಕಸಿವಿಸಿ ತಂದಿತು.

ಗುರುವಾರ ಬೆಳಗ್ಗೆ ವರದಿ ಬಂತು. ಯಾವುದರಲ್ಲೂ ವಿಷವಿರಲಿಲ್ಲ.

ಮಾಲೀಕಳನ್ನು ವಿಚಾರಿಸಲು ಹೋದರು. ಆಕೆ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮನೆ ಖಾಲಿ ಮಾಡಿ ಅಂದಿದ್ದು ನಿಜವಾ?"

"ನಿಜ. ಆ ಮೆಷಿನ್ನು ನನ್ ತಲೆ ಮೇಲೇ ಓಡುತ್ತೆ."

"ಬಿಸ್ಕತ್ತು ಕೊಟ್ಟಿದ್ದು?"

"ಅದೂ ನಿಜ. ಮೆಷಿನ್ನಿನ ಮೇಲೆ ಸಿಟ್ಟಿದ್ರೆ ಮಗು ಏನು ಮಾಡ್ತು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಬಂದಿದೀರಾ?"

ಅಷ್ಟರಲ್ಲಿ ಒಂದು ಬೂದು ಬೆಕ್ಕು ಮೆಟ್ಟಿಲಿಳಿದು ಬಂತು. ನಡಿಗೆ ವಾಲುತ್ತಿತ್ತು, ಗದ್ದವೆಲ್ಲ ಒದ್ದೆ.

"ಇದಕ್ಕೇನಾಗಿದೆ?"

"ಒಂದು ತಿಂಗಳಿಂದ ಹೀಗೇ ಜೊಲ್ಲು. ಉಣ್ಣೋದು ನನ್ ಮನೇಲಿ, ಮಲಗೋದು ಮೇಲೆ, ಮೆಷಿನ್ ಕೆಳಗೆ. ಮಹಾರಾಣಿಗೆ ಅಲ್ಲಿನ ನೆಲಾನೇ ಬೇಕು."

ಇನ್ಸ್‌ಪೆಕ್ಟರ್ ಬೆಕ್ಕನ್ನು ಮೆಟ್ಟಿಲ ನೆರಳಿಗೆ ಒಯ್ದು ಅದರ ಕಣ್ಣು ನೋಡಿದಳು. ಪಾಪೆ ಅಲ್ಲೂ ಗೆರೆಯಷ್ಟೇ, ಅರಳಿರಲಿಲ್ಲ. ಆಕೆಯ ಮುಖಕ್ಕೆ ಕಳೆ ಬಂತು. ಗಂಟು ಸಡಿಲವಾಗುವಾಗ ಆಕೆಗೆ ಒಳಗೊಳಗೇ ಖುಷಿ, ಅದನ್ನು ಮುಚ್ಚಿಡಲು ಆಕೆಗೆ ಯಾವತ್ತೂ ಬರಲಿಲ್ಲ.

"ದಫೇದಾರ್ರೇ, ಬೆಕ್ಕೂ ಮಗೂ ಇಬ್ರೂ ಮಾಡ್ತಾರೆ, ಈ ಮನೇಲಿ ಬೇರೆ ಯಾರೂ ಮಾಡಲ್ಲ. ಏನದು?"

"ಹಾಲು ಕುಡೀತಾರೆ."

"ಅಕ್ಕನೂ ಕುಡೀತಾಳೆ."

"ಹಾಗಾದ್ರೆ... ಇಬ್ರೂ ಹೇಳಿದ ಮಾತು ಕೇಳಲ್ಲ."

"ಅದನ್ನ ನನ್ ಗಂಡನೂ ಮಾಡ್ತಾನೆ. ನಾಲ್ಕು ಕಾಲಲ್ಲಿ ಓಡಾಡ್ತಾರೆ ಕಣ್ರೀ! ಆಮೇಲೆ ಅದೇ ಕೈಕಾಲು ನೆಕ್ತಾರೆ."

ಮೇಲಿನ ಮನೆಯ ಬೀಗದಕೈ ಮಾಲೀಕಳ ಬಳಿಯಿತ್ತು. ಆಸ್ಪತ್ರೆಗೆ ಹೇಳಿ ಕಳಿಸಿದರು, ತಾಯಿ ಬರುವವರೆಗೆ ಬಾಗಿಲಲ್ಲಿ ಕಾದರು. ಅವಳು ಬಂದು ಒಪ್ಪಿದ ಮೇಲೆ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಸತ್ತವನು ನಿಂತ ಜಾಗದಲ್ಲಿ ನಿಲ್ಲುವುದು, ಕಳ್ಳ ಹತ್ತಿದ ಗೋಡೆ ಹತ್ತುವುದು ಆಕೆಯ ಪದ್ಧತಿ. ಈಗ ಮಂಡಿನೋವನ್ನು ಬೈದುಕೊಳ್ಳುತ್ತಾ ನೆಲಕ್ಕೆ ಕೈಯೂರಿ ಅಂಬೆಗಾಲಿಟ್ಟಳು. ಮತ್ತೆ ಕರೆಸಿದ್ದ ಪಂಚರು ಮುಖ ಮುಖ ನೋಡಿಕೊಂಡರು. ನಗು ಬರಬಾರದೆಂದು ದಫೇದಾರ ಸೂರು ನೋಡುತ್ತಾ ನಿಂತ.

ನಿಂತವರಿಗೆ ಸಿಗದ ಮನೆಯೊಂದು ಕೆಳಗಿತ್ತು. ಮೆಷಿನ್ನಿನ ಪೆಡಲು, ಮಂಚದ ಕೆಳಗಿನ ಚೆಂಡು, ಗೋಡೆಯಂಚಿಗೆ ಒರಗಿಸಿಟ್ಟ ಬಟ್ಟೆಯ ಆನೆ. ಹಲ್ಲು ಮೂಡುವ ಮಗು ಅಗಿದಗಿದು ಅದರ ಸೊಂಡಿಲು ಎಳೆಎಳೆಯಾಗಿತ್ತು. ಮೂಗು ನೆಲಕ್ಕೆ ಹತ್ತಿರವಾದಂತೆ ನಿಂಬೆಯ ಪರಿಮಳ. ಇನ್ನೂ ಬಗ್ಗಿದರೆ ಅದರಡಿಯಲ್ಲಿ ಮತ್ತೊಂದು ವಾಸನೆ, ಕೊಳೆತ ಬೆಳ್ಳುಳ್ಳಿಯದ್ದು. ಆಕೆ ಅಂಗೈ ಎತ್ತಿ ನೋಡಿದಳು. ತೆಳ್ಳಗೆ ಜಿಡ್ಡು ಹತ್ತಿತ್ತು.

"ನಾನು ಮಗುವಾಗಿದ್ರೆ ಈ ಕೈ ಈಗ ಬಾಯಲ್ಲಿರ್ತಿತ್ತು," ಎಂದು ಎದ್ದು, ಹೋಗಿ ಸೋಪು ಹಾಕಿ ಎರಡೆರಡು ಸಲ ತೊಳೆದುಕೊಂಡಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ನೆಲ ಏನು ಹಾಕಿ ಒರೆಸ್ತೀಯಮ್ಮ?"

"ಘಮಘಮ ಅಂತ ಕೂಗೋನು ತರ್ತಾನಲ್ಲ, ಅದೇ ಫಿನಾಯಿಲ್. ಬೀದೀಲಿ ಸೈಕಲ್ ಮೇಲೆ ಮಾರ್ಕೊಂಡು ಬರ್ತಾನೆ." ಅವಳು ಬಚ್ಚಲಿಂದ ಚೀಟಿಯಿಲ್ಲದ ಬಾಟಲಿ ತಂದಳು. "ಒಂದು ಮುಚ್ಚಳ ಹಾಕಿದ್ರೆ ಸಾಕು, ಜಿರಳೆ ಸುಳಿಯಲ್ಲ."

"ದಿನಕ್ಕೆ ಎಷ್ಟು ಸಲ?"

"ಮೊದ್ಲು ಒಂದ್ಸಲ. ಹೋದ ತಿಂಗಳು ಡಾಕ್ಟ್ರು ಮನೆ ಶುದ್ಧವಾಗಿಡಿ ಅಂದ್ರಲ್ಲ, ಆಮೇಲೆ ಮೂರು ಸಲ. ಮುಚ್ಚಳಾನೂ ಜಾಸ್ತಿ ಮಾಡ್ದೆ. ಮಗು ಓಡಾಡೋ ಜಾಗ ಅಂತ..."

ಅವಳು ಬಾಟಲಿಯನ್ನು ನೋಡಿದಳು, ನೆಲವನ್ನು ನೋಡಿದಳು, ಕೊನೆಗೆ ತನ್ನ ಕೈಗಳನ್ನು ನೋಡಿಕೊಂಡಳು. ಇನ್ಸ್‌ಪೆಕ್ಟರಿಗೆ ಸುಳ್ಳು ಹೇಳಿ ಸಮಾಧಾನ ಮಾಡಲಾಗಲಿಲ್ಲ, ಇದು ಮುಚ್ಚಿಡುವ ಮಾತಾಗಿರಲಿಲ್ಲ.

"ನಾನೇನಾ ಮೇಡಂ?"

"ನೆಲ ಒರೆಸಿದ್ದು ನೀನು. ವಿಷ ತುಂಬಿದವನು ಬೇರೆ. ಅವನನ್ನ ತೋರಿಸು."

ಅದೇ ದಿನ ತುರ್ತಾಗಿ ಮಾಡಿಸಿದ ಬಾಟಲಿಯ ಪರೀಕ್ಷೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕವೇ ಸಿಕ್ಕಿತು. ಡಾಕ್ಟರು ಮಗುವನ್ನು ಇನ್ನಷ್ಟು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಜೀಪಿಗೆ ಮೈಕು ಕಟ್ಟಿ ಬೀದಿಬೀದಿಯಲ್ಲಿ ಕೂಗಿದರೆ ಜನ ಎಚ್ಚೆತ್ತುಕೊಳ್ಳುತ್ತಾರೆ, ಆದರೆ ಮಾರುವವನೂ ಎಚ್ಚೆತ್ತುಕೊಳ್ಳುತ್ತಾನೆ. ಮೊದಲು ಅವನು ಸಿಗಬೇಕಿತ್ತು. ಮಫ್ತಿಯಲ್ಲಿ ನಿಲ್ಲುತ್ತೇನೆ ಎಂದ ದಫೇದಾರನಿಗೆ ಇನ್ಸ್‌ಪೆಕ್ಟರ್, "ಬಟ್ಟೆ ಬದಲಾಯಿಸಬಹುದು, ಮೀಸೆ?" ಎಂದಳು. ಕೊನೆಗೆ ಆ ಕೆಲಸಕ್ಕೆ ಒದಗಿದವಳು ಮಾಲೀಕಳು. ಶುಕ್ರವಾರ ಬೆಳಗ್ಗೆ ಬೀದಿಯ ತಿರುವಿನಲ್ಲಿ ಸೈಕಲ್ಲು ಕಾಣಿಸಿದ ಕೂಡಲೇ, ಬಾಡಿಗೆದಾರರಿಗೆ ಬೈಯುವ ಅದೇ ಗಂಟಲಲ್ಲಿ, "ಏ ಘಮಘಮ, ನಿಲ್ಲಪ್ಪಾ!" ಎಂದು ಕೂಗಿದಳು.

ಅವನು ನಗುನಗುತ್ತಾ ನಿಂತ. ದಫೇದಾರ ಬಾಗಿಲ ಮರೆಯಿಂದ ಬಂದು ಭುಜದ ಮೇಲೆ ಕೈಯಿಟ್ಟಾಗಲೂ ಆ ನಗು ತಕ್ಷಣ ಹೋಗಲಿಲ್ಲ.

ಅವನ ಮನೆಯಲ್ಲಿ ನೀಲಿ ಡ್ರಮ್ಮು, ನಿಂಬೆ ಸುವಾಸನೆಯ ಎಣ್ಣೆ, ಹಳೆಯ ಬಾಟಲಿಗಳು ಸಿಕ್ಕವು. ಮೂಲೆಯಲ್ಲಿ ಕೀಟನಾಶಕದ ಕ್ಯಾನು. ಅದರ ಮೇಲಿನ ತಲೆಬುರುಡೆಯ ಗುರುತನ್ನು ಚಾಕುವಿನಿಂದ ಕೆರೆದಿದ್ದರೂ ಒಂದು ಕಣ್ಣು ಉಳಿದಿತ್ತು.

"ಇದನ್ನ ಯಾಕೆ ಕೆರೆದೆ?"

"ನೋಡಿದವರು ಹೆದರ್ತಾರೆ ಅಂತ."

"ನಿಂಬೆ ಯಾಕೆ?"

"ವಾಸನೆ ಬರುತ್ತೆ ಅಂತ ಹೆಂಗಸರು ಬೈತಿದ್ರು."

ಆ ಕೆಟ್ಟ ವಾಸನೆ ಎಚ್ಚರಿಕೆಯಾಗಿತ್ತು. ಅದರ ಬಾಯಿಯನ್ನೇ ಇವನು ಮುಚ್ಚಿದ್ದ.

"ಇದು ವಿಷ ಅಂತ ನಿನಗೆ ಗೊತ್ತಿತ್ತು."

"ನೀರಲ್ಲಿ ಅಷ್ಟು ಬೆರೆಸಿದ್ಮೇಲೆ ಏನಾಗುತ್ತೆ ಮೇಡಂ? ನಮ್ ಮನೇಲೂ ಇದ್ರಲ್ಲೇ ಒರೆಸೋದು."

ಪಂಚನಾಮೆ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ ತಲೆಯೆತ್ತಿದಳು. ಒಳಕೋಣೆಯ ಹೊಸ್ತಿಲು ದಾಟಿ ಒಂದು ಹೆಣ್ಣುಮಗು ಅಂಬೆಗಾಲಿಡುತ್ತಾ ಅಪ್ಪನ ಕಡೆ ಬರುತ್ತಿತ್ತು. ನಡುವೆ ಕೂತು ಬೆರಳು ಚೀಪಿತು. ಎದೆಯ ಮೇಲಿನ ಅಂಗಿಯೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು.

"ಹಲ್ಲು ಬರ್ತಿದೆ," ಎಂದಳು ಹಿಂದೆಯೇ ಬಂದ ಅವನ ಹೆಂಡತಿ.

ಇನ್ಸ್‌ಪೆಕ್ಟರ್ ಮಗುವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎಳ್ಳಿನ ಕಾಳು.

ಪಂಚನಾಮೆ ಅರ್ಧಕ್ಕೇ ನಿಂತಿತು. ಕಾನೂನು ಕಾಯುತ್ತದೆ, ಮಗು ಕಾಯುವುದಿಲ್ಲ. ಕ್ಯಾನಿಗೆ ಒಬ್ಬ ಪೊಲೀಸನನ್ನು ಕಾವಲು ಬಿಟ್ಟು, ತಾಯಿ ಮಗುವನ್ನೂ ಆರೋಪಿಯನ್ನೂ ಒಂದೇ ಜೀಪಿನಲ್ಲಿ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಬಂದು, ಸಕಾಲಕ್ಕೆ ತಂದಿರಿ, ಉಳಿಯುತ್ತದೆ ಎಂದರು. ಅಲ್ಲೇ ವಾರ್ಡಿನ ಹೊರಗೆ ಅವನನ್ನು ವಿಧಿವತ್ತಾಗಿ ಬಂಧಿಸಲಾಯಿತು. ಮೈಕು ಕಟ್ಟಿದ ಜೀಪು ಬೀದಿಗಳಿಗೆ ಹೊರಟಿತು.

ಯಾಕೆ ಮಾಡಿದೆ ಎಂದು ಕೇಳಿದ್ದಕ್ಕೆ ಅವನು ವಾರ್ಡಿನ ಬಾಗಿಲ ಕಡೆ ನೋಡಿದ.

"ಮೊದ್ಲು ಬರೀ ಫಿನಾಯಿಲ್ ಮಾರ್ತಿದ್ದೆ. ಬೀದಿಯೆಲ್ಲ ನಾನೇ ಕೂಗ್ಬೇಕು, ಯಾರೂ ತಿರುಗಿ ನೋಡ್ತಿರ್ಲಿಲ್ಲ. ನಿನ್ನದಕ್ಕೆ ಇರುವೇನೂ ಸಾಯಲ್ಲ ಅಂತ ನಗ್ತಿದ್ರು. ಇದನ್ನ ಬೆರೆಸಿದ ಮೇಲೆ ಅವರೇ ನನ್ನ ಕೂಗಿ ನಿಲ್ಲಿಸೋಕೆ ಶುರು ಮಾಡಿದ್ರು, ಮೇಡಂ."

ವಾರ್ಡಿನೊಳಗೆ ಎರಡು ಮಂಚ ಅಕ್ಕಪಕ್ಕ. ಒಂದರ ಬಳಿ ದರ್ಜಿ ತಾಯಿ, ಇನ್ನೊಂದರ ಬಳಿ ಅವನ ಹೆಂಡತಿ. ಯಾರು ಯಾರೆಂದು ಇಬ್ಬರಿಗೂ ಅಷ್ಟು ಹೊತ್ತಿಗೆ ತಿಳಿದಿತ್ತು. ದರ್ಜಿ ತಾಯಿ ಅವಳ ಮುಖ ನೋಡದೆ ಮಗನ ಹೊದಿಕೆ ಸರಿಮಾಡುತ್ತಿದ್ದಳು. ಅವಳು ಸಿಟ್ಟಾಗಿ ಕೂಗಿದ್ದರೂ ತಪ್ಪಿರಲಿಲ್ಲ. ಜಗಳವಾದೀತೆಂದು ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತಳು.

ಅವನ ಹೆಂಡತಿ ತಲೆ ತಗ್ಗಿಸಿ, ಯಾರನ್ನೆಂದಿಲ್ಲದೆ ಕೇಳಿದಳು:

"ಮನೆಗೆ ಹೋದ್ಮೇಲೆ ನೆಲ ಏನು ಹಾಕಿ ಒರೆಸ್ಲಿ ಅಕ್ಕಾ?"

ದರ್ಜಿ ತಾಯಿ ಕೊರಳಲ್ಲಿ ಇನ್ನೂ ನೇತಾಡುತ್ತಿದ್ದ ಟೇಪನ್ನು ತೆಗೆದು, ಸುತ್ತಿ, ದಿಂಬಿನ ಪಕ್ಕ ಇಟ್ಟಳು.

"ಬರೀ ನೀರು," ಎಂದಳು. "ಮೊದಲು ಸೋಪು ಹಾಕಿ ತಿಕ್ಕು. ಆಮೇಲೆ ಬರೀ ನೀರು."