ಉಪನಿರ್ದೇಶಕಿ ಕೊಟ್ಟ ಏಟು

ಹಿಂದಿನಿಂದ ಯಾರೋ ತೋಳು ಹಿಡಿದು ಕೆಳಗೆಳೆದರು. ಶಿಕ್ಷಣ ಇಲಾಖೆಯ ಉಪನಿರ್ದೇಶಕಿ ಹಿಂದೆಮುಂದೆ ನೋಡದೆ ತಿರುಗಿ ಕಪಾಳಕ್ಕೆ ಬಾರಿಸಿದಳು. ಅದೇ ಕ್ಷಣ ಕಬ್ಬಿಣದ ಕುರ್ಚಿಯೊಂದು ಅವಳ ತಲೆಯಿದ್ದ ಜಾಗ ದಾಟಿ ಗೋಡೆಗೆ ಅಪ್ಪಳಿಸಿತು.

ಏಟು ತಿಂದವನು ಮುಖ್ಯೋಪಾಧ್ಯಾಯ. ಮೂರು ತಿಂಗಳಿಂದ ಶಿಕ್ಷಕರ ಹೊಸ ನಿಯಮಗಳ ಕರಡು ಸಮಿತಿಯಲ್ಲಿ ಅವಳ ಎದುರು ಕೂತು, ಸಾಲು ಸಾಲಿಗೂ ಜಗಳ ತೆಗೆದು, ನಡುವೆ ಅವಳನ್ನೇ ನೋಡುತ್ತಾ ವಾದವನ್ನೇ ಮರೆಯುತ್ತಿದ್ದ ಮನುಷ್ಯ.

"ಶಾಲೇಲಿ ಮಕ್ಕಳಿಗೆ ಹೊಡೆದವರ ಕೆಲಸ ಹೋಗುತ್ತೆ ಅಂತ ಬರೆದೋರು ನೀವೇ ಅಲ್ವಾ ಮೇಡಂ?" ಅವನು ಕೆನ್ನೆ ಸವರಿಕೊಂಡ. "ಮೇಷ್ಟ್ರಿಗೆ ಹೊಡೀಬಹುದು ಅಂತ ಯಾವ ಪುಟದಲ್ಲಿದೆ?"

ಆ ಗದ್ದಲದಲ್ಲೂ ಅವಳಿಗೆ ನಗು ಬಂತು. ಸಭಾಂಗಣದಲ್ಲಿ ಶಿಕ್ಷಕರು ಕರಡನ್ನು ಹರಿದೆಸೆದು ಕಿಟಕಿ ಗಾಜು ಒಡೆಯುತ್ತಿದ್ದರು. ಇಬ್ಬರೂ ಪಕ್ಕದ ಸ್ಟೋರ್ ರೂಮಿಗೆ ನುಗ್ಗಿ ಬಾಗಿಲಿಗೆ ಬೀರು ಅಡ್ಡವಿಟ್ಟರು. ಹೊರಗಿನಿಂದ ಒದೆತ ಶುರುವಾಯಿತು.

"ಆ ಒಂದು ಸಾಲು ಸಡಿಲ ಮಾಡಿ ಅಂತ ಎಷ್ಟು ಬೇಡ್ಕೊಂಡೆ. ಏನು ಹಟ ನಿಮ್ದು?" ಎಂದ ಅವನು.

ಅವನ ಕಣ್ಣು ಗೇಣು ದೂರದಲ್ಲಿತ್ತು. ಅಷ್ಟು ಹತ್ತಿರದಿಂದ ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

"ನಾನೂ ಮೊದಲು ಟೀಚರೇ. ಮಗ್ಗಿ ತಪ್ಪಿದ್ದಕ್ಕೆ ಒಬ್ಬ ಹುಡುಗಿಗೆ ಹೊಡೆದೆ. ಬೆರಳು ಮುರೀತು. ಬಿದ್ದಳು ಅಂತ ಬರೆದುಕೊಟ್ಟೆ. ಆಮೇಲೆ ಇಲಾಖೆ ಪರೀಕ್ಷೆ ಕಟ್ಟಿದೆ. ವಲಯ ಕಚೇರಿ, ಜಿಲ್ಲಾ ಕಚೇರಿ, ನೀತಿ ವಿಭಾಗ, ಮುಂದಿನ ವಾರ ನಿರ್ದೇಶಕಿ. ಎಲ್ಲರೂ ಬಡ್ತಿ ಅಂತಾರೆ. ನಾನು ತರಗತಿಯಿಂದ ಓಡಿಬಂದಿದ್ದು, ಅಷ್ಟೇ."

ಅವನ ಮುಖದ ತುಂಟತನ ಆರಿಹೋಯಿತು. ಹೀಗಾಗುತ್ತದೆಂದು ಗೊತ್ತಿದ್ದೇ ಅವಳು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಚಿಲಕ ಕಿತ್ತುಬಂತು, ಬೀರು ಉರುಳಿತು. ನಾಲ್ವರು ನುಗ್ಗಿ ಅವನ ಕಾಲರ್ ಹಿಡಿದೆಳೆದರು. "ಮೇಷ್ಟ್ರಾಗಿ ನಮ್ಮ ಬೆನ್ನಿಗೇ ಚೂರಿ ಹಾಕ್ತೀಯಾ?" ಗುದ್ದು ಬಾಯಿಗೆ ಬಿತ್ತು, ಹೊಟ್ಟೆಗೆ ಬಿತ್ತು. ಬಿಳಿ ಶರ್ಟಿನ ತುಂಬ ರಕ್ತ.

"ಕರಡು ವಾಪಸ್ ಅಂತ ಸಹಿ ಹಾಕಿ ಮೇಡಂ, ಇವನನ್ನ ಬಿಡ್ತೀವಿ," ಶಿಕ್ಷಕರ ಸಂಘದ ಕಾರ್ಯದರ್ಶಿ ಹಾಳೆ ಚಾಚಿದ.

ಅವಳು ಪೆನ್ನು ತೆಗೆದೇಬಿಟ್ಟಳು. ನೆಲದಲ್ಲಿ ಬಿದ್ದಿದ್ದವನು ರಕ್ತ ಉಗಿದು, "ಹಾಕ್ಬೇಡಿ," ಎಂದ. ಆ ಸಾಲಿನ ವಿರುದ್ಧ ಮೂರು ತಿಂಗಳು ಜಗಳವಾಡಿದವನು!

ಅವಳು ಹಾಳೆಯನ್ನು ಹರಿದು, ಉರುಳಿದ ಬೀರುವಿನ ಮೇಲೆ ಹತ್ತಿ ನಿಂತಳು. "ಆ ಸಾಲಿನ ಪ್ರಕಾರ ಮೊದಲು ಹೋಗಬೇಕಾದ್ದು ನನ್ನ ಕೆಲಸ," ಎಂದವಳೇ ಬೆರಳು ಮುರಿದದ್ದು, ಸುಳ್ಳು ಬರೆದದ್ದು, ಎಲ್ಲವನ್ನೂ ಕೂಗಿ ಹೇಳಿದಳು. ಎತ್ತಿದ ಮುಷ್ಟಿಗಳು ಇಳಿದವು. ಪಶ್ಚಾತ್ತಾಪದಿಂದಲ್ಲ, ಎಲ್ಲರಿಗೂ ವಿಡಿಯೊ ಮಾಡಿಕೊಳ್ಳುವ ಅವಸರ.

ಸಂಜೆ ಆಸ್ಪತ್ರೆಯಲ್ಲಿ ಅವನ ತುಟಿಗೆ ಐದು ಹೊಲಿಗೆ ಬಿದ್ದಿದ್ದವು. ಅವಳ ಅಮಾನತಿನ ಆದೇಶ ಆಗಲೇ ಫೋನಿಗೆ ಬಂದಿತ್ತು.

"ಕೆಲಸ ಹೋದ ಹಾಗೇ ಮೇಷ್ಟ್ರೇ."

"ಹೋಗ್ಲೇಬೇಕು. ಆ ಹುಡುಗೀನ ಹುಡುಕೋಣ. ನಾನೂ ಬರ್ತೀನಿ."

"ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ. ಅದಕ್ಕೇ ಹೇಳೋಕೆ ಹೆದರಿದ್ದೆ." ಅವಳು ತಲೆ ತಗ್ಗಿಸಿದಳು. "ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕೈ ಮೇಲೆ ನಂಬಿಕೆ ಇದೆಯಾ ನಿಮಗೆ?"

"ಇಲ್ಲ," ಎಂದು ಅವನು ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. "ಅದಕ್ಕೇ ಹಿಡ್ಕೊಂಡೇ ಇರ್ತೀನಿ."