ಬ್ಲಾಕ್ ಮಾಡದೆ ಬಿಟ್ಟವನು

ಗುರುವಾರ ಸಂಜೆ ಗಡಿಯಾಚೆಯ ಜೋಹೋರ್‌ನಿಂದ ಬಸ್ಸಿನಲ್ಲಿ ವಾಪಸಾಗುತ್ತಿದ್ದ ಶಾಮಲಾ, ವುಡ್‌ಲ್ಯಾಂಡ್ಸಿನ ಮೈದಾನದ ಬೇಲಿಯಾಚೆ ನವನೀತನನ್ನು ಕಂಡಳು. ಒಬ್ಬನೇ ಇದ್ದಿದ್ದರೆ ಕೈ ಬೀಸುತ್ತಿದ್ದಳೇನೋ. ಆದರೆ ಅವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದವನು ಯೋಗೇಶ, ಶನಿವಾರ ಅವಳ ತಂಡದ ಎದುರು ಆಡಲಿರುವ ವುಡ್‌ಲ್ಯಾಂಡ್ಸ್ ಮಕ್ಕಳ ಕೋಚ್. ಇಬ್ಬರೂ ನವನೀತ್ ಸದಾ ಜೊತೆಗಿಟ್ಟುಕೊಳ್ಳುವ ನೀಲಿ ನೋಟ್‌ಬುಕ್ಕಿನೊಳಗೆ ಬಗ್ಗಿ ನೋಡುತ್ತಿದ್ದರು.

ಜುರಾಂಗ್ ವೆಸ್ಟಿನಲ್ಲಿ ಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುವ ಶಾಮಲಾಗೆ ಎರಡು ತಿಂಗಳಿಂದ ನವನೀತನೇ ಅಸಿಸ್ಟೆಂಟ್. "ಮೈಸೂರಲ್ಲಿ ಕಾಲೇಜ್ ಟೀಮಲ್ಲಿ ಆಡಿದ್ದೆ" ಎಂದು ಹೇಳಿಕೊಂಡು ಬಂದಿದ್ದ. ಮೈಸೂರಿನಲ್ಲಿ ಈ ಆಟ ಎಲ್ಲಿತ್ತು ಎಂಬ ಪ್ರಶ್ನೆ ಆಗ ಅವಳಿಗೆ ಹೊಳೆಯಲೇ ಇಲ್ಲ. ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ, ಬರೆಯುತ್ತಲೇ ಅವಳನ್ನು ನೋಡುತ್ತಿದ್ದ, ಸಿಕ್ಕಿಬಿದ್ದಾಗ ತಟ್ಟನೆ ವಾಟರ್ ಬಾಟಲ್ ಹುಡುಕುತ್ತಿದ್ದ. ಆ ನೋಟಕ್ಕಾಗಿ ಅವಳು ಪ್ರಾಕ್ಟೀಸಿಗೆ ಕಾಯತೊಡಗಿದ್ದಳು ಎಂಬುದು ಬೇರೆ ಮಾತು.

ಹಿಂದೊಮ್ಮೆ ನಿಶ್ಚಯವಾಗಿದ್ದ ಹುಡುಗನನ್ನು ಕಣ್ಣುಮುಚ್ಚಿ ನಂಬಿ, ಬೇರೊಬ್ಬಳ ಜೊತೆಗಿನ ಅವನ ಮದುವೆ ಫೋಟೊವನ್ನು ಫೇಸ್‌ಬುಕ್ಕಿನಲ್ಲಿ ನೋಡಿದ್ದಳು. ಇನ್ನೊಮ್ಮೆ ಮೋಸ ಹೋಗಲು ತಯಾರಿರಲಿಲ್ಲ. ನವನೀತ್ ಆಟದ ಗುಟ್ಟು ಮಾರುತ್ತಿದ್ದರೆ ಶನಿವಾರವೇ ಕೊನೆ, ಮತ್ತೆ ಮುಖ ನೋಡುವುದೂ ಬೇಡ ಎಂದುಕೊಂಡಳು.

ಶುಕ್ರವಾರ ಮಕ್ಕಳಿಗೆ ಆಪ್ಷನ್ ಪ್ಲೇ ಹೇಳಿಕೊಟ್ಟಳು. "ಅವರ ಕೊನೇ ಡಿಫೆಂಡರ್‌ನ ಬೇಕಂತಲೇ ಬ್ಲಾಕ್ ಮಾಡದೆ ಬಿಡಿ, ಯಾರೂ ಅಡ್ಡ ನಿಲ್ಬೇಡಿ. ಧೃತಿ, ನೀನು ಬಾಲ್ ಹಿಡ್ಕೊಂಡು ಅವನ ಕಡೆಗೇ ಓಡು. ಅವನು ನಿನ್ನ ಮೇಲೆ ಬಂದ್ರೆ, ಪಕ್ಕದಲ್ಲಿ ಓಡ್ತಿರೋ ವಿಭವ್‌ಗೆ ಪಿಚ್ ಮಾಡು, ಅಂದ್ರೆ ಬಾಲ್ ಪಕ್ಕಕ್ಕೆ ಎಸಿ. ವಿಭವ್ ಕಡೆ ಹೋದ್ರೆ ನೀನೇ ಓಡು."

"ಎಲ್ಲಿ ಹೋಗ್ತಾನೆ ಅಂತ ಹೇಗೆ ಗೊತ್ತಾಗತ್ತೆ, ಕೋಚ್?"

"ಭುಜ ನೋಡು. ಮುಂಚೆನೇ ಡಿಸೈಡ್ ಮಾಡ್ಕೋಬೇಡ."

ವಿಭವ್ ಎಸೆದ ಚೆಂಡು ನವನೀತನ ಎದೆಗೆ ಬಡಿದು ಕೆಳಗೆ ಬಿತ್ತು. "ಅಂಕಲ್, ಇದನ್ನೂ ಹಿಡಿಯಲ್ವಾ!" ಎಂದು ಧೃತಿ ಹಣೆ ಚಚ್ಚಿಕೊಂಡಳು.

ಮಕ್ಕಳು ಹೋದ ಮೇಲೆ ಶಾಮಲಾ ನವನೀತನಿಗೆ ತಣ್ಣಗೆ ಹೇಳಿದಳು. "ನಾಳೆ ಧೃತಿ ಪಿಚ್ ಮಾಡೋದೇ ಇಲ್ಲ. ಪ್ರತಿ ಸಲ ಅವಳೇ ಓಡ್ತಾಳೆ. ನಿಮಗೊಬ್ಬರಿಗೇ ಹೇಳ್ತಿರೋದು."

ಹಸಿ ಸುಳ್ಳು. ಈ ಮಾತು ವುಡ್‌ಲ್ಯಾಂಡ್ಸ್ ಮುಟ್ಟಿದರೆ ಅವರ ಡಿಫೆಂಡರ್ ಮೊದಲಿನಿಂದಲೇ ಧೃತಿಯ ಮೇಲೆ ಎರಗುತ್ತಾನೆ.

ಶನಿವಾರ ಅವಳು ಸ್ಕೋರ್ ನೋಡಲಿಲ್ಲ, ಆ ಡಿಫೆಂಡರ್ ಹುಡುಗನ ಭುಜವನ್ನೇ ನೋಡಿದಳು. ಮೊದಲ ಸಲ ಅವನು ವಿಭವ್ ಕಡೆ ವಾಲಿದ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಧೃತಿಯತ್ತ ನುಗ್ಗಿದ. ಧೃತಿ ಪಿಚ್ ಮಾಡಿದಳು, ವಿಭವ್ ಗೆರೆ ದಾಟಿ ಟಚ್‌ಡೌನ್ ಗಳಿಸಿದ. ಆ ಡಿಫೆಂಡರ್‌ಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ; ನವನೀತ್ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಶಾಮಲಾಗೆ ಖುಷಿಯಲ್ಲಿ ಕಣ್ಣು ತುಂಬಿತು, ಜೊತೆಗೇ ನಾಚಿಕೆಯೂ ಆಯಿತು.

ನವನೀತ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಧೃತಿ ಪಿಚ್ ಮಾಡಿದಾಗ್ಲೇ ಗೊತ್ತಾಯ್ತು" ಎಂದ, ಎಲ್ಲರೂ ಹೋದ ಮೇಲೆ. "ನನ್ನನ್ನ ಬ್ಲಾಕ್ ಮಾಡದೆ ಬಿಟ್ರಿ ಅಲ್ವಾ? ಯಾವ ಕಡೆ ಹೋಗ್ತೀನಿ ಅಂತ ನೋಡೋಕೆ."

"ಗುರುವಾರ ನಿಮ್ಮನ್ನ ಯೋಗೇಶ್ ಜೊತೆ ನೋಡಿದೆ."

ಅವನು ನೀಲಿ ನೋಟ್‌ಬುಕ್ ಕೊಟ್ಟ. ಚೆಂಡಿನ ಹೊಲಿಗೆಯ ಮೇಲೆ ಬೆರಳು ಎಲ್ಲಿಡಬೇಕು, ಕ್ಯಾಚ್ ಹಿಡಿಯುವಾಗ ಕೈ ಹೇಗಿರಬೇಕು, ಎಲ್ಲ ಒಂದನೇ ಕ್ಲಾಸಿನ ಪಾಠ. ಪಕ್ಕದಲ್ಲಿ ಯೋಗೇಶನ ಕೆಂಪು ತಿದ್ದುಪಡಿಗಳು.

"ಕಾಲೇಜಲ್ಲಿ ಆಡಿದ್ದು ಖೋಖೋ. ಜಾಗಿಂಗ್‌ಗೆ ಬಂದಾಗ ನೀವು ಕಲಿಸೋದು ನೋಡ್ತಿದ್ದೆ. ಅಸಿಸ್ಟೆಂಟ್ ಬೇಕು ಅಂದ್ರಿ, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆಮೇಲೆ ನಿಮ್ಮನ್ನ ಕೇಳೋಕೆ ಮುಖ ಇರಲಿಲ್ಲ, ಅದಕ್ಕೇ ಯೋಗೇಶ್ ಹತ್ರ ಹೋದೆ." ಅವನ ದನಿ ಇಳಿಯಿತು. "ನೀವಂದ್ರೆ ನಂಗೆ ಪ್ರೀತಿ, ಶಾಮಲಾ. ಆದ್ರೂ ಸುಳ್ಳು ಸುಳ್ಳೇ. ಬರಬೇಡ ಅಂದ್ರೆ ಬರಲ್ಲ."

ಅವಳು ಅವನ ಭುಜ ನೋಡಿದಳು. ಅದು ಯಾವ ಕಡೆಗೂ ವಾಲಿರಲಿಲ್ಲ. ಈ ಸಲ ಅವನು ವಾಟರ್ ಬಾಟಲನ್ನೂ ಹುಡುಕಲಿಲ್ಲ.

ಶಾಮಲಾ ಚೆಂಡೆತ್ತಿಕೊಂಡು ನಾಲ್ಕು ಹೆಜ್ಜೆ ಓಡಿ ಅವನಿಗೆ ಪಿಚ್ ಮಾಡಿದಳು. ಚೆಂಡು ಅವನ ಕೈಜಾರಿ, ಮೊಣಕಾಲಿಗೆ ಬಡಿದು ಉರುಳಿತು. ಎಷ್ಟೋ ದಿನದ ಮೇಲೆ ಅವಳಿಗೆ ಹೊಟ್ಟೆ ತುಂಬಾ ನಗು ಬಂತು.

"ಸುಳ್ಳು ನಾನೂ ಹೇಳಿದೀನಿ, ಅಲ್ಲಿಗಲ್ಲಿಗೆ ಸರಿಹೋಯ್ತು. ಇನ್ಮೇಲೆ ಗುರುವಾರ ವುಡ್‌ಲ್ಯಾಂಡ್ಸ್ ಬೇಡ, ಇಲ್ಲಿಗೇ ಬನ್ನಿ. ನಾನೇ ಕಲಿಸ್ತೀನಿ."

ಅವನು ಚೆಂಡು ತಂದುಕೊಟ್ಟು ಮತ್ತೆ ಪಕ್ಕಕ್ಕೆ ಬಂದು ನಿಂತ.

"ಬಾಲ್ ನೋಡಿ, ನವನೀತ್. ನನ್ನನ್ನಲ್ಲ."

"ಅದೇ ಕಷ್ಟ" ಎಂದ. ಈ ಸಲ ಅವಳೇ ನಾಚಿ ಆಚೆ ತಿರುಗಿ, ಅವನಿದ್ದಾನೆಂಬ ನಂಬಿಕೆಯ ಮೇಲೆ, ನೋಡದೆಯೇ ಪಿಚ್ ಮಾಡಿದಳು. ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳಲಿಲ್ಲ.