ಹಣೆಗೆ ಕುಂಕುಮ ಹತ್ತಿದ ಕಾಲಾಳು

"ಈ ಕುಂಕುಮ ನೀವ ಹಚ್ಚಿಸೀರೇನ್ರಿ?"

ಲಲಿತಾಳ ಅಂಗೈಯಲ್ಲಿ ಗೇಣುದ್ದದ ಮರದ ಸೈನಿಕನಿದ್ದ. ಕೈಯಲ್ಲಿ ಈಟಿ, ತಲೆಗೆ ರುಮಾಲು, ಹಣೆಯ ತುಂಬ ಕುಂಕುಮ.

ಎದುರಿಗೆ ನಿಂತವನು ಅದನ್ನು ಮಾಡಿದ ತಿರುಮಲೇಶ, ಕಿನ್ನಾಳದ ಚಿತ್ರಗಾರರ ಮನೆಯವನು. ಇಷ್ಟು ದಿನ ಅವನ ಗೊಂಬೆಗಳಷ್ಟೇ ಬುಟ್ಟಿಯಲ್ಲಿ ಬರುತ್ತಿದ್ದವು. ಅವನನ್ನು ಅವಳು ಕಂಡದ್ದು ಇದೇ ಮೊದಲು.

ಕೊಪ್ಪಳದ ಕೋಟೆಯ ಬಾಗಿಲ ಪಕ್ಕದ ಕಲ್ಲಿನ ಕೋಣೆಗಳಲ್ಲಿ ಪುಟ್ಟ ಸೈನ್ಯಗಳ ಮ್ಯೂಸಿಯಂ ಇತ್ತು. ಆನೆಗೊಂದಿಯ ಪಡೆ, ನಿಜಾಮರ ಪಡೆ, ಆನೆ, ಕುದುರೆ, ತೋಪು, ಎಲ್ಲವೂ ಗೇಣಿನೊಳಗೆ. ನೋಡಿಕೊಳ್ಳುವವಳು ಲಲಿತಾ. ಹದಿನೈದು ದಿನಗಳಿಂದ ತಿರುಮಲೇಶನ ಹೊಸ ಕಾಲಾಳುಗಳ ಮುಂದೆ ಹೂವು, ಅಡಿಕೆ, ಒಮ್ಮೆ ಒಡೆದ ತೆಂಗಿನಕಾಯಿ. ಬಣ್ಣ ಕೆಡುತ್ತಿತ್ತು. ಇನ್ನೊಮ್ಮೆ ಹೀಗಾದರೆ ಆ ಸಾಲನ್ನೇ ಎತ್ತಿಬಿಡಿ, ಅವನು ಇನ್ನೂ ಮಾಡಬೇಕಿರುವ ನಲವತ್ತನ್ನು ತರಿಸಬೇಡಿ ಎಂದು ಮೇಲಿನವರು ಹೇಳಿಯಾಗಿತ್ತು.

ಜನ ಸೇರಲೆಂದು ಇವನೇ ಹೀಗೆ ಮಾಡಿಸುತ್ತಿದ್ದಾನೆ ಎಂದು ಅವಳು ನಂಬಿದ್ದಳು. ಮುಖದ ಮೇಲೆ ಹೇಳಿಯೂಬಿಟ್ಟಳು. ಅವನು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟ.

ಅಷ್ಟರಲ್ಲಿ ಕೋಟೆಯ ಕೆಳಗಿನ ಓಣಿಯ ಮುದುಕವ್ವ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಸೀದಾ ಕಾಲಾಳುಗಳಿಗೆ ಕೈಮುಗಿದು, ಸಂಚಿಯಿಂದ ಕುಂಕುಮದ ಭರಣಿ ತೆಗೆದಳು.

ಇವರು ದೇವರಲ್ಲ, ಸಿಪಾಯಿಗಳು ಎಂದು ಲಲಿತಾ ತಡೆದಳು.

"ನನಗ ಹೇಳ್ತಿಯೇನ ತಂಗಿ? ಆ ಕಣ್ಣು ನೋಡು. ಥೇಟ್ ವೀರಭದ್ರಪ್ಪ ನೋಡಿದಂಗ ನೋಡಾಕತ್ಯಾನ."

ಲಲಿತಾ ನೋಡಿದಳು. ಬಾಗಿಲಲ್ಲಿ ನಿಂತ ತಿರುಮಲೇಶನೂ ನೋಡಿದ. ದುಂಡಗೆ, ಅಗಲವಾಗಿ, ರೆಪ್ಪೆ ಬಡಿಯದ ಕಣ್ಣು.

"ತಪ್ಪು ನಂದ ಐತ್ರಿ," ಎಂದ ಮೆಲ್ಲಗೆ. "ಸಣ್ಣಾವ ಇದ್ದಾಗಿಂದ ದೇವರ ಕಣ್ಣ ಬರದೀನಿ. ಮನುಷ್ಯಾರದು ಬರದಿಲ್ಲ. ಕೈ ತಾನ ಅಲ್ಲಿಗೆ ಹೋತು."

ಲಲಿತಾ ತಲೆ ತಗ್ಗಿಸಿದಳು. ತಾನು ಆಡಿದ್ದಕ್ಕೆ ಕ್ಷಮೆ ಕೇಳಿದಳು. ಕಣ್ಣು ಅಳಿಸಿ ಬೇರೆ ಬರೆಯಬಹುದೇ ಎಂದಳು. ಬರೆಯಬಹುದು, ಆದರೆ ನೋಡಿ ಬರೆಯಲು ಯಾರಾದರೂ ಎದುರು ಕೂಡಬೇಕು ಎಂದ.

ಅವಳೇ ಕುಳಿತಳು.

ದಿನವೂ ಮಧ್ಯಾಹ್ನ, ಜನರಿಲ್ಲದ ಹೊತ್ತು. ಒಮ್ಮೆ ಅವಳತ್ತ ನೋಡುವನು, ಒಮ್ಮೆ ಗೊಂಬೆಯತ್ತ. ಮಾತು ಕಡಿಮೆ. ಕೆಲಸಕ್ಕಾಗಿ ನೋಡುತ್ತಾನೆ, ಅಷ್ಟೆ ಎಂದು ಅವಳು ತನಗೇ ಹೇಳಿಕೊಂಡಳು. ಅಷ್ಟೇನಾ...? ಹಳೆಯ ಸಾಲಿನ ಕಣ್ಣುಗಳು ಬದಲಾದವು, ಉಳಿದ ನಲವತ್ತೂ ಒಂದೊಂದಾಗಿ ಮುಗಿಯುತ್ತಿದ್ದವು. ಅವಳು ಎಣಿಸುವುದನ್ನು ಬಿಟ್ಟಳು.

ಕೊನೆಯವನು ಸಾಲಿಗೆ ಸೇರಿದ ದಿನ ಮುದುಕವ್ವ ಬಂದಳು. ಬಹಳ ಹೊತ್ತು ನೋಡಿದಳು. ಭರಣಿ ತೆಗೆಯಲಿಲ್ಲ.

"ಪಾಪ, ಯಾರ ಮಕ್ಕಳೋ ಏನೋ," ಎಂದು ಹೊರಟುಹೋದಳು.

ಇಬ್ಬರೇ ಉಳಿದರು. ಲಲಿತಾ ಬಗ್ಗಿ ಆ ಮುಖಗಳನ್ನು ನೋಡಿದಳು.

"ಇವರೆಲ್ಲಾ ಯಾಕ್ರಿ ಇಷ್ಟ ಹೆದರ್ಯಾರ?"

"ಎದುರು ಕುಂತವರು ಹೆದರಿದ್ರು. ನೋಡಿದ್ದ ಬರದೆ."

ಅವಳು ಬಾಗಿಲತ್ತ ತಿರುಗಿದಳು. ಹೊರಗೆ ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ಕೆಲಸ ಮುಗದ್ರ ನೀವು ಬರಂಗಿಲ್ಲಂತ... ಹೆದರಿದ್ದೆ."

ಅವನು ಕುಂಚ ಒರೆಸುತ್ತಿದ್ದ ಕೈ ನಿಲ್ಲಿಸಿದ.

"ನಮ್ಮವ್ವನ್ನ ಕರಕೊಂಡು ಬರ್ಲೇನ್ರಿ?"

"ಗೊಂಬಿ ನೋಡಾಕ?"

"ಅಲ್ರಿ. ನಿಮ್ಮ ಮನಿಗೆ."

ಲಲಿತಾ ಕೋಣೆಯ ಕೀಲಿ ಕೈಗೆತ್ತಿಕೊಂಡಳು. ಅದನ್ನೇ ನೋಡುತ್ತ ಹೇಳಿದಳು:

"ಸೋಮವಾರ ಬರ್ರಿ. ಅವತ್ತ ಮ್ಯೂಸಿಯಂ ಬಂದ್ ಇರ್ತೈತಿ. ನಾ ಮನ್ಯಾಗ ಇರ್ತೀನಿ."